ಕೆರಿಯಪ್ಪನ ಮೇಲೆ ಹಾಕಿದ ರಸ್ತೆ

"ಅಳೂದಿದ್ರ ಗುಡಿಸಲಕ್ಕ ಹೋಗಿ ಅಳು, ರಂಡೆ. ನಿನ್ನ ಗಂಡ ಮಣ್ಣಾಗ ಇಲ್ಲ. ಅಂಕೋಲಾದಾಗ ಯಾವಕಿನ್ನೋ ತಬ್ಕೊಂಡು ಮಲಗ್ಯಾನ." ಗುತ್ತಿಗೆದಾರನ ಮೇಸ್ತ್ರಿ ಅಂದಾನಪ್ಪ ಕಲ್ಲವ್ವನ ಕೈಯಿಂದ ಸಲಿಕೆ ಕಿತ್ತುಕೊಂಡ.

ಹಿಂದಿನ ಸಂಜೆ ಗುಡ್ಡ ಜರಿದಿತ್ತು. ಯಲ್ಲಾಪುರದಿಂದ ಕರಾವಳಿಗೆ ಇಳಿಯುವ ಘಾಟಿಯನ್ನು ಅದಿರಿನ ಲಾರಿಗಳಿಗಾಗಿ ಅಗಲ ಮಾಡುತ್ತಿದ್ದೆವು. ದಾಸನಕೊಪ್ಪದ ಕಡೆಯಿಂದ ಬಂದ ಕೂಲಿಗಳು ನಾವು, ತುಂಡು ಹೊಲವೂ ಇಲ್ಲದವರು. ಕಲ್ಲವ್ವನ ಗಂಡ ಕೆರಿಯಪ್ಪ ಗುಡ್ಡ ಕಡಿದ ದರೆಯ ಬುಡದಲ್ಲಿ ಕಲ್ಲು ಎಬ್ಬಿಸುತ್ತಿದ್ದ. ಮೇಲೆ ಮಣ್ಣು ಸಡಿಲಾಗಿದೆ, ಇಳಿಯುವುದಿಲ್ಲ ಎಂದವನನ್ನು ಅಂದಾನಪ್ಪನೇ ಅವ್ವ-ಅಪ್ಪ ಎತ್ತಿ ಬೈದು ಇಳಿಸಿದ್ದ. ಮಣ್ಣು ಬಿದ್ದದ್ದನ್ನು ನಾವೆಲ್ಲ ಕಂಡಿದ್ದೆವು. ಕತ್ತಲಾಗುವವರೆಗೆ ಅಗೆದೆವು. ಸಿಗಲಿಲ್ಲ.

ಬೆಳಿಗ್ಗೆ ಅಗೆಯುವುದೇ ಬೇಡ ಎಂದು ಹುಕುಮಾಯಿತು. ಮಾರನೆಯ ದಿನ ಕಾರವಾರದಿಂದ ದೊಡ್ಡ ಸಾಹೇಬರು ರಸ್ತೆ ನೋಡಲು ಬರುವವರಿದ್ದರು. ಬಿದ್ದ ಮಣ್ಣನ್ನೇ ಹರಡಿ, ಮಟ್ಟ ಮಾಡಿ, ಜಲ್ಲಿ ಹಾಕಬೇಕು. ಹೆಣ ಸಿಕ್ಕರೆ ಪೊಲೀಸರು ಬರುತ್ತಾರೆ, ಪಂಚನಾಮೆ ಆಗುತ್ತದೆ, ಕೆಲಸ ನಿಲ್ಲುತ್ತದೆ. ಅದನ್ನು ಅಂದಾನಪ್ಪ ಬಾಯಿಬಿಟ್ಟು ಹೇಳಲಿಲ್ಲ. ಕೆರಿಯಪ್ಪ ಓಡಿಹೋಗಿದ್ದಾನೆ, ಅಲ್ಲ ಅನ್ನುವವರು ಈಗಲೇ ಊರಿನ ದಾರಿ ಹಿಡಿಯಬಹುದು ಎಂದ. ಕೆರಿಯಪ್ಪನ ಜೊತೆ ಒಂದೇ ಗಂಗಾಳದಲ್ಲಿ ಉಂಡ ಚನ್ನಯ್ಯ ನೆಲ ನೋಡಿದ. ನಾನೂ ನೆಲ ನೋಡಿದೆ.

ಮಣ್ಣು ಹರಡಿದೆವು. ಕಲ್ಲವ್ವನ ತಲೆಯ ಮೇಲೂ ಜಲ್ಲಿಬುಟ್ಟಿ ಬಂತು. ಕೆರಿಯಪ್ಪ ನಿಂತಿದ್ದ ಜಾಗಕ್ಕೆ ಹೋದಾಗ ಅವಳು ಬುಟ್ಟಿ ಸುರಿಯಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಹಿಡಿ ಹಿಡಿಯಾಗಿ ಮೆಲ್ಲಗೆ ಇಳಿಸತೊಡಗಿದಳು. ಅಂದಾನಪ್ಪ ಹಿಂದಿನಿಂದ ಒದ್ದ.

"ರೊಟ್ಟಿ ಬಡಿಯಾಕತ್ತೀಯೇನ? ಸುರುವು."

ಸುರುವಿದಳು.

ಮರುದಿನ ರೋಲರ್ ಬಂತು. ಉಳಿದ ಕಡೆಯೆಲ್ಲ ಗಟ್ಟಿಯಾಗಿ ಕೂತ ಜಲ್ಲಿ ಅಲ್ಲಿ ಮಾತ್ರ ಒಳಗಿಳಿಯಿತು. ಡ್ರೈವರ್ ಬಗ್ಗಿ ನೋಡಿದ, ನಮ್ಮ ಮುಖಗಳನ್ನೂ ನೋಡಿದ, ಗಾಡಿ ನಿಲ್ಲಿಸಿಬಿಟ್ಟ. ತಗ್ಗು ತುಂಬಿಸಿ ಮತ್ತೆ ಹಾಯಿಸು ಎಂದ ಅಂದಾನಪ್ಪ. ತುಂಬಿಸಿದೆವು, ಮತ್ತೆ ಇಳಿಯಿತು. ಇನ್ನೊಂದು ಬುಟ್ಟಿ ತರಲು ಅವನು ಕಲ್ಲವ್ವನಿಗೆ ಹೇಳಿದ.

ಅವಳು ತಂದದ್ದು ಪಿಕಾಸಿ. ರೋಲರಿನ ಮುಂದೆಯೇ ನಿಂತು ಹೊಸ ರಸ್ತೆಯ ಆ ತಗ್ಗಿಗೆ ಏಟು ಹಾಕಿದಳು. ಅಂದಾನಪ್ಪ ಸೆರಗು ಹಿಡಿದು ಎಳೆದಾಗ ಚನ್ನಯ್ಯ ಬಂದು ಅವನ ಬೆರಳುಗಳನ್ನು ಬಿಡಿಸಿದ. ಗುದ್ದಲಿ ಎತ್ತಿಕೊಂಡ. ಆಮೇಲೆ ನಾನು. ಆಮೇಲೆ ಯಾರು ಯಾರೋ, ಲೆಕ್ಕವಿಲ್ಲ.

ಕೆಳಗಿನ ತಿರುವಿನಲ್ಲಿ ಸಾಹೇಬರ ಜೀಪು ಕಾಣಿಸಿತು. ಅಂದಾನಪ್ಪ ಕೈ ಬೀಸುತ್ತ ಅತ್ತ ಓಡಿದ. ಮೊಣಕಾಲುದ್ದ ಅಗೆದಿದ್ದೆವು, ಕೆರಿಯಪ್ಪನ ಕೆಂಪು ರುಮಾಲಿನ ಅಂಚು ಕಂಡಿತು. ಚನ್ನಯ್ಯ ಗುದ್ದಲಿ ಬಿಸಾಕಿ ಕೈಯಿಂದಲೇ ಮಣ್ಣು ಸರಿಸತೊಡಗಿದ. ಜೀಪು ಹಾರ್ನ್ ಹೊಡೆಯುತ್ತಲೇ ಹತ್ತಿರ ಬಂತು. ಸಿಪಾಯಿಯೊಬ್ಬ ಇಳಿದು ದಾರಿ ಬಿಡಲು ಕೂಗಿದ.

ಕಲ್ಲವ್ವ ತಲೆ ಎತ್ತಲಿಲ್ಲ.

"ನಿಮ್ಮ ಸಾಹೇಬ್ರನ್ನ ನಡಸ್ಕೊಂಡು ಕರ್ಕೊಂಡ ಬಾ," ಎಂದಳು. "ಇಲ್ಲಿಂದ ಮುಂದ ರಸ್ತೆ ಇಲ್ಲ."