ಆಗದ ಕಾಮಾಲೆಗೆ ಮದ್ದು

ನನಗೆ ಕಾಮಾಲೆ ಆಗಿಲ್ಲ. ನಮ್ಮ ಊರು ಕೇಣಿಯಲ್ಲಿ ಈ ಮಾತು ಹೇಳಿದರೆ ನಂಬುವವರು ಯಾರೂ ಇಲ್ಲ, ಅದು ಬೇರೆ ವಿಷಯ. ಎರಡು ವರ್ಷದಿಂದ ನಾನು ಊರಿಗೆಲ್ಲ ಕಾಮಾಲೆಯ ನೀತಾ. ಮನೆಗೆ ಬಂದವರು ಮೊದಲು ನನ್ನ ಕಣ್ಣಿನ ಬಿಳಿ ನೋಡುತ್ತಾರೆ, ಆಮೇಲೆ ಮುಖ. "ಈಗ ಅಡ್ಡಿಲ್ಲ, ಹಳದಿ ಇಳಿದದೆ" ಎನ್ನುತ್ತಾರೆ. ಇಲ್ಲದ ಹಳದಿ ಅದು ಹೇಗೆ ಇಳಿಯುತ್ತದೋ ದೇವರಿಗೇ ಗೊತ್ತು.

ನಿಜವಾಗಿ ಆದದ್ದು ಇಷ್ಟು. ನಾನು ಮಡಗಾಂವಿನಲ್ಲಿ ಒಂದು ಹೋಟೆಲಿನ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಅಕ್ಕಿ, ಎಣ್ಣೆ, ತರಕಾರಿ ಒಳಗೆ ಬಂದದ್ದೆಷ್ಟು, ಅಡುಗೆಮನೆಗೆ ಹೋದದ್ದೆಷ್ಟು, ಎಲ್ಲ ನನ್ನ ಕೈಯಲ್ಲೇ ಇತ್ತು. ಒಂದು ಮಳೆಗಾಲ ನನಗೆ ಹಾಸಿಗೆಯಿಂದ ಏಳುವುದೇ ಆಗದಂತಾಯಿತು. ಮೊದಲು ತಡವಾಗಿ ಹೋದೆ, ಆಮೇಲೆ ಹೋಗಲಿಲ್ಲ, ಆಮೇಲೆ ಅವರ ಫೋನೂ ಎತ್ತಲಿಲ್ಲ. ಅಮ್ಮ ಬಂದು ಊರಿಗೆ ಕರೆದುಕೊಂಡು ಹೋದಳು. ಯಾವ ಹುಡುಗನೂ ಕೈಕೊಟ್ಟಿರಲಿಲ್ಲ, ಯಾರೂ ಬೈದಿರಲಿಲ್ಲ, ಯಾರೂ ಸತ್ತಿರಲಿಲ್ಲ. ಕೇಳುವವರಿಗೆಲ್ಲ ಒಂದು ಕಾರಣ ಬೇಕು, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಕಾರವಾರದ ಡಾಕ್ಟರು ಇದಕ್ಕೆ ಡಿಪ್ರೆಶನ್ ಎಂದರು, ಗುಳಿಗೆ ಬರೆದುಕೊಟ್ಟರು. ಆ ಗುಳಿಗೆ ನಮ್ಮ ಮನೆಯ ಅವಲಕ್ಕಿ ಡಬ್ಬಿಯೊಳಗೆ ಇರುತ್ತದೆ.

ಕಾಮಾಲೆ ಹುಟ್ಟಿದ್ದು ನಮ್ಮ ಅಂಗಳದಲ್ಲಿ. ಮೀನು ಮಾರುವ ನಾಗಕ್ಕ ಬುಟ್ಟಿ ಇಳಿಸಿ, "ಮಗಳು ಎಂತಕೆ ಗೋವಾ ಬಿಟ್ಟು ಬಂದ್ಲು ದುರ್ಗಾಬಾಯಿ? ಹೊರಗೇ ಕಾಣೂದಿಲ್ಲಲ್ಲ" ಎಂದು ಕೇಳಿದಳು. ಅಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಮಗಳಿಗೆ ತಲೆ ಸರಿಯಿಲ್ಲ ಎಂದು ಸುದ್ದಿಯಾದರೆ ಮಕ್ಕಳನ್ನು ಅವಳ ಕೈಗೆ ಯಾರು ಬಿಡುತ್ತಾರೆ, ನನ್ನನ್ನು ಯಾರು ಮದುವೆಯಾಗುತ್ತಾರೆ? ಅಷ್ಟನ್ನೂ ನಿಂತಲ್ಲೇ ಯೋಚಿಸಿ "ಕಾಮಾಲೆ" ಎಂದುಬಿಟ್ಟಳು.

ಅಲ್ಲಿಗೆ ನಮ್ಮ ಮನೆಯ ಮೀನು ಮುಗಿಯಿತು. ಕಾಮಾಲೆಯವರಿಗೆ ಮೀನು, ಎಣ್ಣೆ, ಖಾರ ಕೂಡದು ಎಂದು ಈ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಪಕ್ಕದ ಮನೆಯವರ ಮೂಗಿಗೆ ಹೆದರಿ ಅಮ್ಮ ತನಗೂ ಮೀನು ತರುವುದನ್ನು ಬಿಟ್ಟಳು. ಇಬ್ಬರೂ ಸಪ್ಪೆ ಗಂಜಿ ಉಂಡೆವು. ಅದರ ಮೇಲೆ ನಾಗಕ್ಕನ ಮದ್ದು. ಬೆಳಿಗ್ಗೆ ನೆಲನೆಲ್ಲಿ ಸೊಪ್ಪು ತಂದುಕೊಟ್ಟು, ಅಮ್ಮ ಅದನ್ನು ಅರೆದು ಮಜ್ಜಿಗೆಯಲ್ಲಿ ಕಲಸಿ ನನಗೆ ಕುಡಿಸುವವರೆಗೆ ಜಗಲಿಯಲ್ಲೇ ಕೂತಿರುತ್ತಿದ್ದಳು. ಖಾಲಿ ಲೋಟವನ್ನು ಕಣ್ಣಾರೆ ನೋಡದೆ ಹೋದರೆ ಮದ್ದು ಹಿಡಿಯುವುದಿಲ್ಲ ಎಂದು ಅವಳ ನಂಬಿಕೆ. ದುಡ್ಡು ಮುಟ್ಟುವವಳಲ್ಲ. ಆ ಕಹಿಯನ್ನು ಎಷ್ಟು ಸಲ ಕುಡಿದೆನೋ ಲೆಕ್ಕವಿಲ್ಲ. ಬೈಯೋಣ ಅಂದರೆ ಅದೂ ಆಗದು, ಪಾಪ, ನನ್ನ ಮೇಲೆ ಅಷ್ಟು ಪ್ರೀತಿ ಅವಳಿಗೆ.

ಹೋದ ವಾರ ಅಮ್ಮನ ಅಣ್ಣ ಮಾದೇವ ಮಾವ ಒಂದು ಸುದ್ದಿ ತಂದರು. ಅರ್ಗಾದಲ್ಲಿ ಕಟ್ಟಡದ ಕೆಲಸಗಾರರಿಗೆ ಊಟ ಹಾಕುವ ಕ್ಯಾಂಟೀನಿಗೆ ಸ್ಟೋರ್ ನೋಡಿಕೊಳ್ಳುವ ಜನ ಬೇಕಂತೆ. ನನಗೆ ಬರುವ ಕೆಲಸವೇ. ಇದಕ್ಕೂ ಮೊದಲು ಅಗಸೂರಿನ ಒಂದು ಅಂಗಡಿಗೆ ಕರೆದಿದ್ದರು. ಹೊರಟವಳು ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನದವರೆಗೆ ಕೂತು ವಾಪಸು ಬಂದಿದ್ದೆ. ಈ ಸಲ ಹಾಗೆ ಮಾಡಬಾರದು ಎಂದುಕೊಂಡೆ. ಬೆಳಿಗ್ಗೆ ಏಳಲು ನನಗೊಂದು ನೆಪ ಬೇಕಿತ್ತು, ಅದು ಹೊರಗಿನವರೇ ಕೊಡಬೇಕಿತ್ತು. ಇದೂ ತಪ್ಪಿದರೆ ಮತ್ತೆ ಚಾಪೆಗೆ ಬೀಳುತ್ತೇನೆ, ಬಿದ್ದರೆ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೇ ಹೆದರಿಕೆಯಾಗಿತ್ತು.

ಹೊರಡುವ ದಿನ ಅಮ್ಮ ಬಚ್ಚಲ ಒಲೆಗೆ ಬೆಂಕಿ ಹಾಕಿ ನನ್ನ ತಲೆಗೆ ನೀರು ಹಾಕಿದಳು. ಕೂದಲು ಗಂಟುಗಟ್ಟಿ ಬಾಚಣಿಗೆಯ ಹಲ್ಲು ಮುರಿಯಿತು. "ಎಂಥ ಕೂದ್ಲಿತ್ತೆ ನಿಂದು" ಎಂದು ಗೊಣಗುತ್ತ ಗಂಟುಗಳನ್ನು ಕತ್ತರಿಸಿ ತೆಗೆದಳು. ಆಮೇಲೆ, "ಕೆಲಸ ಸಿಕ್ಕಿದ್ರೆ ಇವತ್ತೇ ಬಂಗಡೆ ತರೂದು. ಕಾಮಾಲೆ ಗುಣ ಆಯ್ತು ಅಂತ ಊರಿಗೆಲ್ಲ ಹೇಳಿಬಿಡ್ತೆ" ಎಂದಳು. ಅವಳ ದನಿಯಲ್ಲಿದ್ದ ಆಸೆ ಕೇಳಿ ನನಗೆ ಸಿಟ್ಟು ಬಂತು. ನನ್ನ ಮೇಲೆ ಯಾರು ಆಸೆ ಇಟ್ಟರೂ ನನಗೆ ಸಿಟ್ಟೇ ಬರುವುದು.

ಕ್ಯಾಂಟೀನಿನವರ ಆಫೀಸು ಕಾರವಾರದಲ್ಲಿ. ಬಸ್ಸು ಅರ್ಗಾ ದಾಟುವಾಗ ಅಮ್ಮ ಕಿಟಕಿಯಿಂದ ಕೈ ತೋರಿಸಿ, "ನಾಳೆಯಿಂದ ನೀ ಇಲ್ಲೇ ಇಳಿಯೂದು" ಎಂದಳು. ನಾನೂ ನೋಡಿದೆ. ಗೇಟಿನ ಎದುರು ಡಬ್ಬಿ ಹಿಡಿದ ಹೆಂಗಸರು ಬಸ್ಸಿನಿಂದ ಇಳಿದು ಮಾತಾಡುತ್ತ ಹೋಗುತ್ತಿದ್ದರು. ಅವರ ನಡುವೆ ನಾನೂ ಇರಬಹುದು ಎಂದು ಒಂದು ಗಳಿಗೆ ಅನಿಸಿತು.

ಮ್ಯಾನೇಜರ್ ಹರೀಶ ಮೆತ್ತಗೆ ಮಾತಾಡುವ ಮನುಷ್ಯ. ಅಮ್ಮನಿಗೂ ಕುರ್ಚಿ ಕೊಟ್ಟ. ಅಕ್ಕಿಗೆ ಹುಳ ಬಿದ್ದರೆ ಏನು ಮಾಡ್ತೀರಿ, ಅಡುಗೆಯವರು ಹೆಚ್ಚು ಎಣ್ಣೆ ಕೇಳಿದರೆ ಹೇಗೆ, ಮಳೆಗಾಲದಲ್ಲಿ ಈರುಳ್ಳಿ ಎಲ್ಲಿಡಬೇಕು ಎಂದೆಲ್ಲ ಕೇಳಿದ. ನನ್ನ ನಾಲಿಗೆ ತಾನಾಗಿ ಉತ್ತರ ಕೊಟ್ಟಿತು. ನನಗೇ ಆಶ್ಚರ್ಯ. ಎಷ್ಟೋ ದಿನದ ಮೇಲೆ ಬೇರೊಬ್ಬರು ನನ್ನ ಮಾತಿಗೆ ತಲೆಯಾಡಿಸುತ್ತಿದ್ದರು.

"ಅಡ್ಡಿಲ್ಲ, ಕೆಲಸ ಗೊತ್ತದೆ ನಿಮಗೆ" ಎಂದ ಹರೀಶ. "ಮತ್ತೆ ಎರಡು ವರ್ಷ ಮನೇಲಿ ಕೂತದ್ದು ಎಂತಕ್ಕೆ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು. "ಕಾಮಾಲೆ ಆಗಿತ್ತು. ಈಗ ಪೂರಾ ಗುಣ."

ಬರೆಯುತ್ತಿದ್ದವನ ಕೈ ನಿಂತಿತು. "ಕಾಮಾಲೆಯಾ ಬಾಯಿ? ಇದು ಊಟದ ಜಾಗ. ನೀರಲ್ಲಿ, ಪಾತ್ರೇಲಿ ಹರಡ್ತದೆ ಅದು. ಒಬ್ಬರಿಗೆ ಆದ್ರೂ ನಮ್ಮ ಕ್ಯಾಂಟೀನು ಮುಚ್ಚಿಸ್ತಾರೆ. ಎರಡು ವರ್ಷ ಬಿಡದೇ ಇದ್ದ ಕಾಮಾಲೆ ಅಂದ್ರೆ ನಾ ಹೆಂಗೆ ತಕಣ್ಲಿ?"

ನನ್ನ ಮಾನ ಕಾಯಲೆಂದು ಅಮ್ಮ ಅಷ್ಟು ದಿನ ಹೊತ್ತ ಸುಳ್ಳು ಈಗ ನನ್ನ ಅನ್ನಕ್ಕೇ ಅಡ್ಡ ನಿಂತಿತ್ತು. ಅವಳು ನನ್ನ ಕಡೆ ನೋಡಿದಳು.

ನಾನು ಹೇಳಿಬಿಟ್ಟೆ. "ನಂಗೆ ಕಾಮಾಲೆ ಆಗೇ ಇಲ್ಲ ಸರ್. ಡಿಪ್ರೆಶನ್. ಮನಸ್ಸಿಂದು. ಡಾಕ್ಟರ ಹತ್ರ ತೋರಿಸ್ತೆ, ಗುಳಿಗೆ ತಗೊಳ್ತೆ. ಕೆಲಸ ಮಾಡೂಕೆ ಆಗ್ತದೆ."

ಅಮ್ಮ ಮೇಜಿನ ಕೆಳಗೆ ನನ್ನ ಕೈ ಹಿಸುಕಿದಳು. ನಿಜ ಹೇಳಿದರೆ ಎದೆ ಹಗುರಾಗುತ್ತದೆ ಎನ್ನುವವರಿದ್ದಾರೆ. ನಾನು ಹರೀಶನ ಪೆನ್ನು ಮತ್ತೆ ಬರೆಯುತ್ತದೋ ಎಂದು ನೋಡುತ್ತಿದ್ದೆ.

ಹರೀಶ ಪೆನ್ನಿಗೆ ಮುಚ್ಚಳ ಹಾಕಿದ. ಚಾ ತರಿಸಿದ. ಆಮೇಲೆ ಅಮ್ಮನ ಕಡೆ ತಿರುಗಿ, "ಬೇಜಾರು ಮಾಡ್ಕಬೇಡಿ ಬಾಯಿ. ಕ್ಯಾಂಟೀನು ಅಂದ್ರೆ ಚಾಕು ಇರ್ತದೆ, ಕುದಿಯೂ ಎಣ್ಣೆ ಇರ್ತದೆ. ಇವರಿಗೆ ಎಂತಾದ್ರೂ ಆದ್ರೆ ನಾ ಯಾರಿಗೆ ಉತ್ತರ ಕೊಡೂದು?" ಎಂದ. ಚಾ ಅವಳ ಮುಂದೆ ಸರಿಸಿ, "ಕಾಮಾಲೆಯೇ ಆಗಿದ್ರೆ ಗುಣ ಆಯ್ತು ಅಂತ ಡಾಕ್ಟರ ಸರ್ಟಿಫಿಕೇಟು ತಂದು ಮಾಲೀಕರಿಗೆ ತೋರಿಸಬಹುದಿತ್ತು. ಇದಕ್ಕೆ ನಾ ಎಂತ ಹೇಳ್ಲಿ?" ಎಂದ.

ಈರುಳ್ಳಿ ಎಲ್ಲಿಡಬೇಕು ಎಂದು ನನ್ನನ್ನು ಕೇಳಿದವನು ಈಗ ನನ್ನ ಬಗ್ಗೆ ಅಮ್ಮನ ಹತ್ತಿರ ಮಾತಾಡುತ್ತಿದ್ದ. ನಾನು ಅಲ್ಲೇ ಕೂತಿದ್ದೆ. ಕೆಟ್ಟವನಾಗಿದ್ದರೆ ಎದ್ದು ಒಂದು ಮಾತು ಬೈದು ಬರುತ್ತಿದ್ದೆ. ಅವನು ಕೆಟ್ಟವನಲ್ಲ. ಚಾ ಕುಡಿದು ಎದ್ದೆವು.

ಬಸ್ಸಿನಲ್ಲಿ ಅಮ್ಮ ಕೇಳಿದಳು, "ನೀ ಎಂತಕೆ ಹೇಳ್ದೆ?"

"ನೀ ಎಂತಕೆ ಹೇಳ್ದೆ?" ಎಂದೆ ನಾನು.

ಅರ್ಗಾ ಬಂದಾಗ ಅವಳು ಚೀಲದೊಳಗೆ ಏನೋ ಹುಡುಕತೊಡಗಿದಳು.

ಅಂಕೋಲೆಯಲ್ಲಿ ಇಳಿದರೆ ಮಾರ್ಕೆಟ್ಟಿನ ಬದಿಯಲ್ಲೇ ನಾಗಕ್ಕ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ತಪ್ಪಿಸಿಕೊಂಡು ಹೋಗಲು ದಾರಿ ಇರಲಿಲ್ಲ. ನನ್ನ ಬಾಚಿದ ತಲೆ, ಇಸ್ತ್ರಿಯ ಚೂಡಿದಾರ ನೋಡಿ ಅವಳ ಮುಖ ಅರಳಿತು. "ಬಂದ್ಲಲ್ಲ ನನ್ನ ಮಗಳು ಹೊರಗೆ. ಗುಣ ಆಯ್ತಲ್ಲೇ ತಂಗಿ? ದುಡ್ಡು ಬೇಡ, ಇವತ್ತು ಬಂಗಡೆ ತಿನ್ನು" ಎನ್ನುತ್ತ ಆರಿಸಿ ಆರಿಸಿ ದಪ್ಪ ಬಂಗಡೆಗಳನ್ನು ಪ್ಲಾಸ್ಟಿಕ್ ಕೊಟ್ಟೆಗೆ ಹಾಕತೊಡಗಿದಳು.

ಅಮ್ಮ ಏನೋ ಹೇಳಲು ಹೋದಳು. ಎರಡು ವರ್ಷ ಸಲೀಸಾಗಿ ಬರುತ್ತಿದ್ದ ಸುಳ್ಳು ಆ ಹೊತ್ತಿಗೆ ಅವಳ ಕೈಬಿಟ್ಟಿತು.

"ಇಲ್ಲ ನಾಗಕ್ಕ" ಎಂದೆ ನಾನು. "ಮತ್ತೆ ತಿರುಗಿ ಬಂದದೆ, ಕಾಮಾಲೆ."

ನಾಗಕ್ಕ ನನ್ನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿ ಕಣ್ಣು ನೋಡಿದಳು. "ಹೌದು, ಕಣ್ಣೇ ಹೇಳ್ತದೆ" ಎಂದು ಬಂಗಡೆಯನ್ನು ವಾಪಸು ಬುಟ್ಟಿಗೆ ಸುರಿದಳು. "ಹೆದರಬೇಡ. ನಾಳೆ ಬೆಳಿಗ್ಗೆ ಸೊಪ್ಪು ತರ್ತೆ."

ತಂದಳು. ನಾನು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅಮ್ಮ ಸೊಪ್ಪು ಅರೆಯುವುದು ಕೇಳಿತು, ಮಜ್ಜಿಗೆ ಬಗ್ಗಿಸಿದ್ದು ಕೇಳಿತು. ಎದ್ದು ಕೂತರೆ ಸಾಕಿತ್ತು. ಕೈಗೆ ಹೇಳಿದೆ, ಕಾಲಿಗೆ ಹೇಳಿದೆ, ಯಾವುದೂ ಕೇಳಲಿಲ್ಲ.

"ಏಳೇ ಮಗಾ" ಎಂದಳು ಅಮ್ಮ ಮೆಲ್ಲಗೆ. "ಒಂದೇ ಗುಟುಕು. ಹೊರಗೆ ಕೂತಿದ್ದಾಳೆ."

ತಲೆ ಹೊರಳಿಸಿ ಅವಳನ್ನು ನೋಡಲಷ್ಟೇ ನನ್ನಿಂದ ಆಯಿತು.

"ಕುಡಿದ್ಲಾ?" ಎಂದು ನಾಗಕ್ಕ ಜಗಲಿಯಿಂದ ಕೇಳಿದಳು.

ಅಮ್ಮ ಲೋಟ ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಅದನ್ನು ತನ್ನ ಬಾಯಿಗೆ ಎತ್ತಿದಳು. ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಖಾಲಿ ಲೋಟ ತೋರಿಸಲು ಹೊರಗೆ ಹೋದಳು.

"ಕುಡಿದ್ಲು" ಎಂದಳು.