ನನ್ನ ತೋಳಿಗೆ ಬಿದ್ದ ಸೂಜಿ

ಹತ್ತಿ ತಣ್ಣಗಿದೆ, ಒತ್ತಿ ಹಿಡ್ಕೊಂಡು ಕುಂಡ್ರಬೇ ಯವ್ವಾ, ತಲಿ ಗಿರ್ರ ಅಂದ್ರ ಹೇಳು ಎಂದು ನರ್ಸಬಾಯಿ ಒಳಗೆ ಹೋದಳು, ಒತ್ತಿ ಹಿಡಿದು ಕೂತಿದ್ದೇನೆ, ಇರುವೆ ಕಚ್ಚಿದಷ್ಟೂ ನೋವಿಲ್ಲ, ಇಷ್ಟೇನಾ, ಇಷ್ಟಕ್ಕಾ ನಾನು ಅಷ್ಟು ಹೆದರಿದ್ದು, ಜಮಖಂಡಿ ದವಾಖಾನೆಯ ಈ ಬೆಂಚು ಕೂತಲ್ಲೇ ಅಲ್ಲಾಡುತ್ತದೆ, ಒಳಗೆ ಯಾರದೋ ಕೂಸು ಚೀರುತ್ತಿದೆ, ಪಕ್ಕದಲ್ಲಿ ನನ್ನ ಸೊಸೆ ರೇಷ್ಮಾ ಶೇಂಗಾ ಸುಲಿಯುತ್ತಿದ್ದಾಳೆ, ಸುಲಿದದ್ದೆಲ್ಲ ನನ್ನ ಮಡಿಲಿಗೆ, ತಿನ್ರಿ ಅತ್ತಿ, ಸೂಜಿ ಮಾಡಿಸ್ಕೊಂಡು ಬರೇ ಹೊಟ್ಟೀಲೆ ಇರಬಾರ್ದು, ಏಳು ತಿಂಗಳ ಬಸುರಿ ತಾನು ತಿನ್ನುವುದು ಬಿಟ್ಟು ನನಗೆ ತಿನ್ನಿಸುತ್ತಾಳೆ — ನನಗೆ ಬೇಲಿಯ ತುಕ್ಕು ತಂತಿ ತಾಗಿದೆ ಎಂದು ತಿಳಿದಿದ್ದಾಳೆ ಪಾಪ, ಹಾಗೆ ಹೇಳಿದವಳು ನಾನೇ, ದನದ ಡಾಕ್ಟರಿಗೆ ಹೇಳಿದ್ದು ಬೇರೆ, ಕುರಿ ಬಾಯಾಗ ಕೈ ಹಾಕಿದಾಕಿ ನಾನ ರೀ, ಮತ್ತ್ಯಾರೂ ಇಲ್ಲರಿ ಎಂದು, ಒಬ್ಬೊಬ್ಬರಿಗೆ ಒಂದೊಂದು ಸುಳ್ಳು, ಭಲೇ ಶಂಕ್ರೆವ್ವ, ಹಲ್ಲು ಹೋದರೂ ನಾಲಿಗೆ ಚುರುಕಿದೆ ನಿನ್ನದು. ಕೈ ಹಾಕಿದವಳು ಅವಳು. ಸೂಜಿ ಬಿದ್ದದ್ದು ನನಗೆ. ಅದೇ ಕೈಯಲ್ಲಿ ಈಗ ಶೇಂಗಾ ಸುಲಿಯುತ್ತಿದ್ದಾಳೆ, ಮಣಿಕಟ್ಟಿಗೆ ನಾನು ಕಟ್ಟಿದ ಅರಿವೆ, ಅದರ ಮೇಲೆ ಬಸುರಿಯ ಕುಬಸದ ಶಾಸ್ತ್ರದಲ್ಲಿ ತೊಡಿಸಿದ ಹಸಿರು ಬಳೆಗಳು ಕಿಣಿಕಿಣಿ ಅನ್ನುತ್ತವೆ, ಅನ್ನಬೇಡಿರೇ, ಸ್ವಲ್ಪ ಹೊತ್ತು ಸುಮ್ಮನಿರಿ.

ಇದೆಲ್ಲ ಶುರುವಾದದ್ದು ಒಂದು ನರಿಯಿಂದ, ಅದು ಬಂದದ್ದು ಹಾಡಹಗಲು, ಗಲಗಲಿ ಹೊಳೆದಂಡೆಯ ಕಬ್ಬು ಕಡಿದ ಹೊಲದಲ್ಲಿ ನಾವು ಕುರಿ ತರುಬಿ ಹಟ್ಟಿ ಹಾಕಿದ್ದೆವು, ಮಗ ಶಿವಪುತ್ರ ಮುಧೋಳ ಸಂತೆಗೆ ಹೋಗಿದ್ದ, ಜಾಲಿ ಗಿಡದ ಕೆಳಗೆ ನಿಂತಿತ್ತು ಅದು, ಹಚಾ ಅಂದರೂ ಓಡಲಿಲ್ಲ, ನನ್ನನ್ನೇ ನೋಡುತ್ತಿತ್ತು, ಬಾಯಿಂದ ಜೊಲ್ಲಿನ ಒಂದು ಎಳೆ ಇಳಿಬಿದ್ದು ಬಿಸಿಲಿಗೆ ಹೊಳೆಯುತ್ತಿತ್ತು — ನರಿಯ ಮುಖ ನೋಡಿದರೆ ಒಳ್ಳೆಯದಾಗುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು, ಅವಳವ್ವನೂ ಹೇಳುತ್ತಿದ್ದಳು, ಯಾವಾಗಲೂ ಬಾಲ ಮಾತ್ರ ಕಾಣುವ ಪ್ರಾಣಿ ಇವತ್ತು ತಾನಾಗಿ ಮುಖ ತೋರಿಸಿದೆ, ಹೋದ ಸಲ ರೇಷ್ಮಾಳ ಬಸಿರು ನಿಲ್ಲಲಿಲ್ಲ, ಅವತ್ತಿನಿಂದ ಬೀರಪ್ಪನಿಗೆ ಬೇಡಿಕೊಳ್ಳದ ದಿನವಿಲ್ಲ, ಅವನೇ ಕಳಿಸಿದ್ದಾನೆ ಅನಿಸಿತು, ಬಾರಬೇ ರೇಷ್ಮಾ, ಲಗೂನ ಬಾ, ನರಿ ಮಾರಿ ನೋಡು, ಈ ಸಲ ಕೂಸಿಗೆ ಏನೂ ಆಗೂದಿಲ್ಲ, ಅವಳು ಹೊಟ್ಟೆಗೆ ಕೈ ಆನಿಸಿಕೊಂಡು ಬಂದಳು, ನಕ್ಕಳು, ಅಯ್ಯ ಅತ್ತಿ, ಎಷ್ಟ ಸಾಧು ಐತಲ್ಲರಿ, ಹೆದರೂದ ಇಲ್ಲ ನೋಡ್ರಿ — ಹೆದರದ ನರಿಗೆ ನಾವು ಹೆದರಬೇಕು ಎಂಬ ಬುದ್ಧಿ ನನಗೆ ಬರಲಿಲ್ಲ, ಕುರಿಗಳ ನಡುವೆ ಹುಟ್ಟಿ ಅವುಗಳ ನಡುವೆಯೇ ಮುದುಕಿಯಾದವಳು, ಏನು ಕಲಿತೆ ಮಣ್ಣು. ಅದು ತೂರಾಡುತ್ತ ಹಿಂಡಿನೊಳಗೆ ನುಗ್ಗಿ ನಮ್ಮ ಕೆಂಪು ಕುರಿ ಕೆಂಚಿಯ ತುಟಿ ಕಚ್ಚಿತು, ನಾಯಿ ಅಟ್ಟಿಸಿಕೊಂಡು ಹೋಯಿತು, ನಾಯಿಗೇನೋ ದನದ ಡಾಕ್ಟರು ಸರಿತಾ ಮೇಡಂ ಮೊದಲೇ ಸೂಜಿ ಹಾಕಿದ್ದರು, ಕೆಂಚಿಯ ತುಟಿಗೆ ನಾನು ಬೀರಪ್ಪನ ಗುಡಿಯ ಅರಿಶಿನ ಭಂಡಾರ ಮೆತ್ತಿದೆ, ಶಿವಪುತ್ರಗ ಹೇಳಬ್ಯಾಡ, ಸುಮ್ನ ಗಾಬರಿ ಆಗ್ತಾನ ಎಂದು ರೇಷ್ಮಾಳ ಬಾಯಿ ಕಟ್ಟಿದೆ, ಸಿಕ್ಕ ಪುಣ್ಯವನ್ನು ಯಾರು ಕೆಡಿಸಿಕೊಳ್ಳುತ್ತಾರೆ. ತುಟಿ ಮಾಯಿತು, ತಿಂಗಳು ಕಳೆಯಿತು, ನಾವೂ ಮರೆತೆವು.

ಮೊನ್ನೆ ಕೆಂಚಿ ಮೇವು ಮುಟ್ಟಲಿಲ್ಲ, ಒದರಿದರೆ ಒಡಕು ದನಿ, ಬಾಯಿಂದ ಜೊಲ್ಲು, ಅದೇ ಎಳೆ, ಆಗಲೂ ನನಗೆ ನರಿ ನೆನಪಾಗಲಿಲ್ಲ — ಖರೆ ಹೇಳು ಶಂಕ್ರೆವ್ವ, ನೆನಪಾಗಲಿಲ್ಲವೋ, ನೆನಪಾದದ್ದನ್ನು ಒಳಗೇ ಅದುಮಿದೆಯೋ — ಗಂಟಲಾಗ ಜಾಲಿ ಕಾಯಿ ಸಿಕ್ಕೈತಿ, ನಿನ್ನ ಕೈ ಸಣ್ಣದೈತೆಬೇ, ಹಾಕಿ ತಗಿ ಎಂದು ರೇಷ್ಮಾಳಿಗೆ ಅಂದೆ, ಶಿವಪುತ್ರ ಹಿಂಡಿನ ಹಿಂದೆ ಹೋಗಿದ್ದ, ನಾನು ದವಡೆ ಅಗಲಿಸಿ ಹಿಡಿದೆ, ಅವಳು ಬಳೆ ಮೇಲೆ ಸರಿಸಿ ಕೈ ಹಾಕಿದಳು, ನನ್ನ ಹಿಡಿತ ಜಾರಿತು, ಕೆಂಚಿ ಕಚಕ್ಕನೆ ಬಾಯಿ ಮುಚ್ಚಿತು, ಒಂದು ಬಳೆ ಒಡೆದು ಮಣಿಕಟ್ಟಿಗೆ ನೆಟ್ಟಿತು, ಕೈ ಹೊರಗೆ ಬಂದಾಗ ಹಸಿರು ಬಳೆಯಿಂದ ಕುರಿಯ ಬಾಯಿಯವರೆಗೂ ಜೊಲ್ಲಿನ ಎಳೆ, ಉದ್ದಕ್ಕೆ, ಹೊಳೆಯುತ್ತ — ಆಗ ನನ್ನ ಎದೆ ಧಸಕ್ಕೆಂದದ್ದು ಯಾತಕ್ಕೆ, ಬಳೆಗೆ, ಕುಬಸದ ಬಳೆ ಒಡೆಯಿತಲ್ಲ ಅಪಶಕುನ ಎಂದು, ಎಳೆಯನ್ನು ಸೆರಗಿನಿಂದ ಒರೆಸಿದೆ, ಗಾಯಕ್ಕೆ ಭಂಡಾರ ಮೆತ್ತಿ ಅರಿವೆ ಕಟ್ಟಿದೆ, ಹೊಳೆ ತುಂಬ ನೀರಿತ್ತು, ಸಾಬೂನು ಕೈಗೆಟಕುವಲ್ಲೇ ಇತ್ತು, ತೊಳೆಯಲಿಲ್ಲ, ಬಳೆಗಾರ್ತಿಯ ಹತ್ತಿರ ಕರೆದೊಯ್ದು ಹೊಸ ಬಳೆ ತೊಡಿಸಿದೆ, ಶಕುನ ಸರಿಹೋಯಿತು ಎಂದು ಮಲಗಿ ನಿದ್ದೆಯನ್ನೂ ಮಾಡಿದೆ. ಇವತ್ತು ಮುಂಜಾನೆ ಸರಿತಾ ಮೇಡಂ ಬಂದರು, ಜೊತೆಗೆ ಫಾರೆಸ್ಟಿನ ದಶರಥ, ದನದ ಡಾಕ್ಟರಿಗೂ ಕಾಡು ಕಾಯುವವನಿಗೂ ಏನು ಸಂಬಂಧ ಅಂದುಕೊಂಡೆ, ಗುಡ್ಡದಾಗ ನರಿಗೋಳು ಹುಚ್ಚು ಹಿಡದು ಸಾಯಾಕತ್ತಾವ ಯವ್ವಾ, ಹಟ್ಟಿ ಹಟ್ಟಿ ತಿರಗಿ ಕೇಳಾಕತ್ತೇವಿ ಅಂದ ದಶರಥ, ಅಷ್ಟರಲ್ಲಿ ಕೆಂಚಿ ಕಾಲು ಬಡಿದು ಬಡಿದು ಸತ್ತಿತು, ಶಿವಪುತ್ರ ಅದನ್ನು ಗುಡ್ಡದಂಚಿಗೆ ಎಳೆಯಲು ಹೋದ, ಸತ್ತ ಕುರಿ ತೋಳದ ಪಾಲು, ಅದು ಉಂಡರೆ ಹಿಂಡು ಹೆಚ್ಚುತ್ತದೆ ಅನ್ನುವುದು ನಮ್ಮ ಪದ್ಧತಿ, ದಶರಥ ಅಡ್ಡ ನಿಂತ, ಒಗೀಬ್ಯಾಡೋ ತಮ್ಮಾ, ತೋಳಕ್ಕೂ ಹುಚ್ಚು ಬರ್ತೈತಿ, ತೋಳದಿಂದ ಮತ್ತ ನಿಮ್ಮ ಕುರಿಗೆ, ನಿಮಗ, ಆಳಕ್ಕೆ ತೆಗ್ಗು ತೋಡತೊಡಗಿದರು, ಸರಿತಾ ಮೇಡಂ ನನ್ನ ಕಡೆ ತಿರುಗಿದರು, ನರಿ ಬಂದಿತ್ತೇನ್ರಿ ಯವ್ವಾ, ಇಲ್ಲರಿ ಅಂದೆ, ಕುರಿ ಬಾಯಾಗ ಯಾರರ ಕೈ ಹಾಕೀರೇನು, ರೇಷ್ಮಾ ನೀರಿಗೆ ಹೋಗಿದ್ದಳು, ಮಗ ನನ್ನ ಮುಖವನ್ನೇ ನೋಡುತ್ತಿದ್ದ, ನಾನ ರೀ ಅಂದೆ. ಈಗಿಂದೀಗ ಜಮಖಂಡಿಗೆ ಹೋಗಿ ಸೂಜಿ ಮಾಡಿಸ್ಕೋರಿ, ಈ ರೋಗ ಒಮ್ಮೆ ಹೊರಗ ಬಿತ್ತಂದ್ರ ಔಷಧ ಇಲ್ಲ ಅಂದರು ಮೇಡಂ.

ಔಷಧ ಇಲ್ಲ, ಬಸ್ಸಿನ ಗಾಲಿ ಅದನ್ನೇ ಹೇಳುತ್ತ ಬಂತು, ಔಷಧ ಇಲ್ಲ, ಔಷಧ ಇಲ್ಲ, ಇವಳು ಕಿಟಕಿಗೆ ಒರಗಿ ನಿದ್ದೆ ಹೋಗಿದ್ದಳು, ಇವಳನ್ನು ಯಾಕೆ ಕರೆತಂದೆ, ಹಟ್ಟಿಯಲ್ಲಿ ಬಿಟ್ಟರೆ ಮಗನ ಬಾಯಿಂದ ವಿಷಯ ತಿಳಿದೀತು ಎಂದೋ, ಇಲ್ಲಿಗೆ ಬಂದರೆ ನನಗೆ ಧೈರ್ಯ ಬಂದೀತು ಎಂದೋ, ಬಸುರಿಗೆ ಸೂಜಿ ಚುಚ್ಚಿದರೆ ಹೊಟ್ಟೆಯ ಕೂಸಿಗೆ ಕೇಡು, ಅದಕ್ಕೇ ನಾನು ಹೇಳಲಿಲ್ಲ, ಅದಕ್ಕೇ, ಅದೊಂದಕ್ಕೇ — ಬಾಗಿಲಲ್ಲಿ ಯಾರೋ ಒಬ್ಬಳು ಹೊರಗೆ ಬರುತ್ತಿದ್ದಾಳೆ, ಸಾವಳಗಿಯವಳಂತೆ, ನಾಯಿ ಕಾಲು ಕಚ್ಚಿದೆಯಂತೆ, ಅಯ್ಯೋ ಇವಳೂ ಬಸುರಿ, ಹೊಟ್ಟೆ ರೇಷ್ಮಾಳಿಗಿಂತ ಮುಂದಿದೆ, ನರ್ಸಬಾಯಿ ಬೆನ್ನು ಸವರುತ್ತಿದ್ದಾಳೆ, ಹೆದರಬ್ಯಾಡ ತಂಗಿ, ಈ ಸೂಜೀಲೆ ಕೂಸಿಗೆ ಏನೂ ಆಗೂದಿಲ್ಲ, ಬಸರದೀನಿ ಅಂತ ಬಿಟ್ಟಿದ್ರ ಇಬ್ಬರೂ ಹೋಗ್ತಿದ್ರಿ. ಇಬ್ಬರೂ. ಆಯಿತು, ನನ್ನ ಕಾರಣ ಆ ಹೆಂಗಸಿನ ಹಿಂದೆಯೇ ಮೆಟ್ಟಿಲಿಳಿದು ಹೋಯಿತು, ಇನ್ನು ಉಳಿದದ್ದು ನಾಚಿಕೆ ಒಂದೇ, ನರಿಯ ಮುಖ ತೋರಿಸಲು ಕರೆದವಳು ನಾನು, ಕೈ ಹಾಕು ಅಂದವಳು ನಾನು, ಅದನ್ನು ಮಗನೆದುರು ಹೇಳಲಾರದೆ ಇವಳ ಜೀವವನ್ನೇ ಮುಚ್ಚಿಟ್ಟೆ, ತಿನ್ರಿ ಅತ್ತಿ ಅನ್ನುತ್ತಾಳಲ್ಲ, ಥೂ ನನ್ನ ಬಾಳಿಗೆ — ಯಾಕ್ರಿ ಅತ್ತಿ, ಕಣ್ಣಾಗ ನೀರು, ತೋಳು ಸೆಳ್ಯಾಕತ್ತೈತೇನು, ಇಲ್ಲ ಯವ್ವಾ, ಕೈ ಕೊಡು ಇಲ್ಲಿ, ಅರಿವೆಯ ಗಂಟು ನನ್ನದೇ, ಕುರಿಯ ಕಾಲಿಗೆ ಹಾಕುವಂಥ ಗಂಟು, ಬಿಚ್ಚುತ್ತಿಲ್ಲ, ಉಗುರು ಸೋಲುತ್ತಿದೆ, ಮತ್ತ ಯಾರದಾರರಿ ಎಂದು ಒಳಗಿನಿಂದ ಕೂಗು, ಈಕಿ ಅದಾಳರಿ, ಕುರಿ ಬಾಯಾಗ ಕೈ ಹಾಕಿದಾಕಿ ಈಕೀರಿ, ನಾ ಅಲ್ಲರಿ, ನಾ ಸುಳ್ಳ ಹೇಳೀನಿ, ಕೆಂಚಿಗೆ ನರಿ ಕಚ್ಚಿತ್ತು, ಆ ನರಿ ಮಾರಿ ನಾನ ತೋರ್ಸೀನಿ, ಶೇಂಗಾ ಮಡಿಲಿಂದ ನೆಲಕ್ಕೆ ಚೆಲ್ಲಿತು, ರೇಷ್ಮಾ ಕೈ ಎಳೆದುಕೊಳ್ಳುತ್ತಿಲ್ಲ, ಗಂಟು ಬಿಚ್ಚಿತು, ಅರಿವೆ ಕಳಚಿತು, ಒಣಗಿದ ಹಳದಿ ಭಂಡಾರ, ಅದರ ನಡುವೆ ಬಳೆ ಕೊರೆದ ಗೆರೆ, ನರ್ಸಬಾಯಿ ನಳ ತಿರುವಿ ಆ ಕೈ ಹಿಡಿದು ಸಾಬೂನು ಹಚ್ಚುತ್ತಿದ್ದಾಳೆ, ಹಳದಿ ನೀರು ಇಳಿದು ಹೋಗುತ್ತಿದೆ, ತೊಳಿಯವ್ವಾ, ಇನ್ನೂ ತೊಳಿ, ಬಳೆ ತೊಳಿ, ಹಸಿರು ಬಳೆಯಿಂದ ಇಳಿಬಿದ್ದಿದೆ ಎಳೆ, ನೀರಲ್ಲ ಅದು, ನನಗೆ ಕಾಣುತ್ತಿದೆ, ಬಿಸಿಲಿಗೆ ಹೊಳೆಯುವ ಎಳೆ, ನಾನು ಸೆರಗಿನಿಂದ ಒರೆಸಿದ ಎಳೆ, ಆ ಎಳೆ.