ನಿಂತ ನೀರಿನ ಗುಂಪು

ಮೇಡಂ ಹೆಸರು ಮಾಡಿದ್ದೇ ಒಂದು ಪ್ರಯೋಗದಿಂದ. ನೀರಿನಲ್ಲಿ ತಾವಾಗಿಯೇ ಈಜುವ, ಬರಿಗಣ್ಣಿಗೆ ಕಾಣದ ಕಣಗಳನ್ನು ನಿಂತ ನೀರಿಗೆ ಬಿಟ್ಟರೆ, ಎಷ್ಟೇ ಕಡಿಮೆಯಿದ್ದರೂ ಅವು ಒಂದೆಡೆ ಗುಂಪು ಕಟ್ಟುತ್ತವೆ ಎಂದು ಇಪ್ಪತ್ತು ವರ್ಷಗಳ ಹಿಂದೆ ತೋರಿಸಿದ್ದರು. ನೀರು ಹರಿದರೆ ಆ ಗುಂಪು ಏನಾಗುತ್ತದೆಂದು ನೋಡುವುದು ಅವರ ವಿದ್ಯಾರ್ಥಿನಿಯಾದ ನನ್ನ ಪಾಲಿಗೆ ಬಂದ ಕೆಲಸ.

ಮೇಡಂ ಹಾಸಿಗೆ ಹಿಡಿದ ತಿಂಗಳಲ್ಲೇ ನಾನು ಪ್ರಯೋಗದ ನೀರು ತುಂಬುವ ಹೊಸ ಗಾಜಿನ ಕೋಶ ಜೋಡಿಸಿದೆ. ಅದರಲ್ಲಿ ನೀರು ನಿಂತಿದ್ದಾಗಲೂ ಕಣಗಳು ಗುಂಪು ಕಟ್ಟಲೇ ಇಲ್ಲ. ಒಂದಕ್ಕೊಂದರ ಗೊಡವೆಯೇ ಇಲ್ಲದಂತೆ ಅತ್ತಿತ್ತ ಈಜಿಕೊಂಡಿದ್ದವು. ತಪ್ಪು ನನ್ನದೇ ಎಂದು ವಾರವೆಲ್ಲ ತಲೆ ಕೆಡಿಸಿಕೊಂಡೆ. ಕೊನೆಗೆ ಕಪಾಟಿನಿಂದ ಮೇಡಂ ಬಳಸಿದ್ದ ಹಳೆಯ ಕೋಶ ತೆಗೆದು, ನೀರು ತುಂಬಿ, ಒಂದು ಹನಿ ಬಣ್ಣ ಬಿಟ್ಟೆ. ಬಣ್ಣ ಮೆಲ್ಲಗೆ ಸರಿಯತೊಡಗಿತು. ಕೋಶಕ್ಕೆ ನೀರಿನ ಕೊಳವೆ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು. ಆ ಸೋರಿಕೆಯ ನಿಧಾನದ ಹರಿವೇ ಕಣಗಳನ್ನು ಮೂಲೆಗೆ ಒತ್ತಿ ಕೂಡಿಸುತ್ತಿತ್ತು. ನೀರು ಎಂದೂ ನಿಂತಿರಲೇ ಇಲ್ಲ.

ಮರುದಿನ ಅವರ ಮನೆಗೆ ಹೋದೆ.

"ಹೆಚ್ಚು ಹೊತ್ತು ಮಾತಾಡಿಸ್ಬೇಡಮ್ಮ" ಎಂದರು ಅವರ ಅಕ್ಕ.

ಮೇಡಂ ದಿಂಬಿಗೊರಗಿ ನನ್ನನ್ನೇ ನೋಡಿದರು. "ಏನೇ, ಮುಖ ಹೀಗ್ಯಾಕಿದೆ? ಕಣಗಳು ಮಾತು ಕೇಳ್ತಿಲ್ವಾ?"

"ಎಲ್ಲ ಚೆನ್ನಾಗಿದೆ ಮೇಡಂ."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ."

ಹೇಳಿಬಿಟ್ಟೆ.

"ಬಣ್ಣ ಎಷ್ಟು ಸಲ ಬಿಟ್ಟು ನೋಡ್ದೆ?"

"ಮೂರು ಸಲ."

"ನಾನು ಒಂದ್ಸಲಾನೂ ನೋಡ್ಲಿಲ್ಲ ಕಣೇ. ಗುಂಪು ಕಂಡ ಖುಷೀಲಿ ಮೈಮರೆತುಬಿಟ್ಟೆ."

ಗೋಡೆಯ ಕಡೆ ಹೊರಳಿದರು. ಅವರು ಬೈಯುವುದನ್ನು ಎಷ್ಟೋ ಸಲ ಕೇಳಿದ್ದೆ. ಅಳುವುದನ್ನು ನೋಡಿದ್ದು ಅಂದೇ. ಗೋಡೆಯ ಕಡೆಗೇ ಮುಖ ಮಾಡಿ ಹೇಳಿದರು: "ಬರಿ. ಸೋರ್ತಿತ್ತು ಅಂತ ನೇರವಾಗಿ ಬರಿ. ನನ್ನ ಹೆಸರೂ ಹಾಕು. ಮೊದಲು ನಿಂದು."

ಒಂಬತ್ತು ದಿನ ಕೂತು ಬರೆದೆ. ಹಾಳೆಗಳನ್ನು ಹಿಡಿದು ಹೋದಾಗ ಬಾಗಿಲ ಮುಂದೆ ಚಪ್ಪಲಿಗಳ ರಾಶಿ.

"ಬೆಳಿಗ್ಗೆ ಹೋದ್ಲಮ್ಮ" ಎಂದರು ಅಕ್ಕ. "ನಿನ್ನೆಯೆಲ್ಲ ನಿನ್ನನ್ನೇ ಬೈತಿದ್ಲು. ನಾಲ್ಕು ಹಾಳೆ ಬರೆಯೋಕೆ ಇಷ್ಟು ದಿನ ಬೇಕಾ ಅಂತ."

ಲೇಖನ ಅಚ್ಚಾಯಿತು. ಈಗ ಮೇಡಂ ಹೆಸರು ಬಂದಲ್ಲೆಲ್ಲ ಆ ಬಿರುಕೂ ಬರುತ್ತದೆ. ಮೊನ್ನೆ ಒಂದು ಸಭೆಯಲ್ಲಿ ಯಾರೋ ಅದನ್ನೇ ಹೇಳಿ ನಕ್ಕರು. ಬರೆ ಎಂದವರು ಅವರೇ ಎಂದು ಹೇಳಲು ಎದ್ದು ನಿಂತೆ. ಹೇಳಿ ಮುಗಿಸಲಾಗದೆ ಅರ್ಧಕ್ಕೇ ಕೂತೆ.